ಷಹನಾಜ್ ಎಳೆದ ಗರಸಿನ ದಾರಿ

ಷಹನಾಜ್ ಅವರು ಫ್ರಾನ್ಸಿನ ಹಳ್ಳಿದಾರಿಗಳನ್ನು ಮೊದಲು ಕಂಡದ್ದು ಕಡಲಾಚೆ, ಮಿಷಿಗನ್ ಸರೋವರದ ಬಳಿಯ ಲಿಸ್ಲ್‌ನ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಮಕ್ಕಳು ಆಡುವುದನ್ನು ಬಿಟ್ಟಿದ್ದ ಪಿಂಗ್‌ಪಾಂಗ್ ಮೇಜಿನ ಮೇಲೆ. ಬರ್ಗಂಡಿ ಪ್ರಾಂತ್ಯದ ಸರ್ವೆ ನಕ್ಷೆಗಳನ್ನು ಅವರು ಒಂದರ ಅಂಚಿಗೊಂದು ಅಂಟಿಸಿ ಮೇಜಿನ ತುಂಬ ಹರಡಿದ್ದರು. ಡಾಂಬರು ರಸ್ತೆಗಳು ನಕ್ಷೆಯಲ್ಲಿ ಕೆಂಪಾಗಿ, ಹಳದಿಯಾಗಿ ಎದ್ದು ಕಾಣುತ್ತಿದ್ದವು. ಅವುಗಳ ನಡುವೆ, ಕಣ್ಣನ್ನು ಕಾಗದಕ್ಕೆ ತಾಗಿಸಿದರೆ ಮಾತ್ರ ಕಾಣುವಷ್ಟು ತೆಳುವಾದ ಕಪ್ಪು ಗೆರೆಗಳಿದ್ದವು. ಹೊಲಕ್ಕೆ ಹೋಗುವ ದಾರಿ, ಕಾಡಿನಿಂದ ದಿಮ್ಮಿ ಸಾಗಿಸುವ ದಾರಿ, ಕಾಲುವೆಯ ದಂಡೆ. ಷಹನಾಜ್ ಅವರಿಗೆ ಬೇಕಾಗಿದ್ದುದು ಆ ತೆಳು ಗೆರೆಗಳು ಮಾತ್ರ.

"ಇವೆಲ್ಲ ಗರಸಿನ ದಾರಿ ಸತ್ಯಣ್ಣ," ಎಂದು ಅವರು ನನಗೆ ಪೆನ್ಸಿಲಿನ ತುದಿಯಿಂದ ತೋರಿಸಿದರು. "ಡಾಂಬರ್ ಮೇಲೆ ಹೋದ್ರೆ ಫ್ರಾನ್ಸ್ ಸಿಗಲ್ಲ. ಕಾರು ಸಿಗ್ತವೆ, ಅಷ್ಟೇ."

ಅವರು ಹರಿಹರದವರು. ಐ-88 ಹೆದ್ದಾರಿಯ ಪಕ್ಕದ ಗಾಜಿನ ಕಟ್ಟಡವೊಂದರಲ್ಲಿ ಬಹುಕಾಲ ಟೆಲಿಫೋನ್ ಜಾಲಗಳ ನಕ್ಷೆ ಬರೆದವರು. 2001ರಲ್ಲಿ ಕೆಲಸ ಕಡಿತವಾಗಿ ಆ ಕಟ್ಟಡ ಅರ್ಧಕ್ಕರ್ಧ ಖಾಲಿಯಾದಾಗ ಅವರೂ ತಮ್ಮ ಹೂಕುಂಡವನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಮನೆಗೆ ಬಂದರು. ಆ ಬೇಸಗೆ, ನಲವತ್ತು ದಾಟಿದ ಮೇಲೆ, ನೆರೆಯವರು ಹಳೆಸಾಮಾನು ಮಾರುತ್ತಿದ್ದ ಗ್ಯಾರೇಜ್ ಸೇಲಿನಲ್ಲಿ ಕೊಂಡ ಸೈಕಲ್ಲಿನ ಮೇಲೆ ಹತ್ತಿ ಬೀಳುತ್ತ, ಬಿದ್ದು ಹತ್ತುತ್ತ ಸವಾರಿ ಕಲಿತರು. ಕಲಿತದ್ದು ಪ್ರೇರಿ ಪಾತ್ ಎಂಬ ಹಾದಿಯ ಮೇಲೆ. ಹಿಂದೆ ರೈಲು ಓಡುತ್ತಿದ್ದ ಆ ನೆಲಕ್ಕೆ ಈಗ ಸುಣ್ಣಕಲ್ಲಿನ ಪುಡಿ ಹಾಸಿದ್ದಾರೆ. ಚಕ್ರದ ಕೆಳಗೆ ಆ ಪುಡಿ ಮಾಡುವ ಸಣ್ಣ ಸದ್ದು ಒಮ್ಮೆ ಕಿವಿಗೆ ಬಿದ್ದ ಮೇಲೆ ಅವರಿಗೆ ಬೇರೆ ರಸ್ತೆ ರುಚಿಸಲಿಲ್ಲ.

ನಾನಾಗ ಮನೋಹರ್ ಅವರ ಬಳಿ ಕೆಲಸಕ್ಕಿದ್ದೆ. ಯಾವ ಊರಿನಲ್ಲೂ ಎರಡು ಚಳಿಗಾಲ ನಿಲ್ಲದ ನನಗೆ ಸಾಮಾನು ಹೊರುವುದು, ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬುವುದು ಒಗ್ಗಿದ್ದವು. ಮನೋಹರ್ ಮೈಸೂರಿನವರು. ಎಲ್ಕ್ ಗ್ರೋವ್ ವಿಲೇಜಿನ ಗೋದಾಮುಗಳ ನಡುವೆ ಅವರದೊಂದು ಕಚೇರಿ. ಮೊದಲು ಭಾರತಕ್ಕೆ ವಿಮಾನದ ಟಿಕೆಟ್ ಮಾರುತ್ತಿದ್ದರು. ಜನ ತಾವೇ ಕಂಪ್ಯೂಟರಿನಲ್ಲಿ ಟಿಕೆಟ್ ಕೊಳ್ಳತೊಡಗಿದ ಮೇಲೆ ಸೈಕಲ್ ಪ್ರವಾಸಗಳನ್ನು ಮಾರತೊಡಗಿದ್ದರು. 2003ರ ಆರಂಭದಲ್ಲಿ ಷಹನಾಜ್ ತಮ್ಮ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ಆ ಕಚೇರಿಗೆ ಬಂದಾಗ ಮನೋಹರ್ ಕನ್ನಡಕ ಹಣೆಗೇರಿಸಿ ನಕ್ಕರು.

"ನೀವು ಫ್ರಾನ್ಸ್‌ಗೆ ಯಾವತ್ತಾದ್ರೂ ಹೋಗಿದೀರಾ?"

"ಇಲ್ಲ."

"ಫ್ರೆಂಚ್ ಬರುತ್ತಾ?"

"ನಕ್ಷೆ ಓದೋವಷ್ಟು ಬರುತ್ತೆ. ಅಲ್ಲಿನ ಸೈಕಲ್ ಸಂಘದ ಒಬ್ರು ರಿಟೈರ್ಡ್ ಮೇಷ್ಟ್ರ ಜೊತೆ ಇ-ಮೇಲ್ ಮಾಡ್ತಿರ್ತೀನಿ."

"ಅಂದ್ರೆ, ನೋಡದ ಊರಿಗೆ ನೀವು ದಾರಿ ಬರೆದು ಕೊಡ್ತೀರಿ, ನಾನು ಅದನ್ನ ದುಡ್ಡಿಗೆ ಮಾರ್ಬೇಕು."

"ಮಾರೋಕ್ಮುಂಚೆ ನೀವೇ ಬಂದು ಸವಾರಿ ಮಾಡಿ ಮನೋಹರಣ್ಣ. ಸರಿ ಇಲ್ದಿದ್ರೆ ಹರಿದುಹಾಕಿ."

ಆ ಧೈರ್ಯ ಮನೋಹರರಿಗೆ ಹಿಡಿಸಿತು. ಷರತ್ತು ಸರಳವಾಗಿತ್ತು. ಜೂನ್ ತಿಂಗಳಿನಲ್ಲಿ ಮೂರು ದಿನಗಳ ಸವಾರಿ. ಕ್ರೀಡಾಪಟುಗಳಲ್ಲ, ಸಾಧಾರಣ ಜನರೇ ಬರಬೇಕು. ಸಾಮಾನಿನ ವ್ಯಾನು ರಾತ್ರಿ ತಂಗುವ ಊರಿಗೆ ನೇರವಾಗಿ ಹೋಗುತ್ತದೆ. ನಡುವೆ ಒಬ್ಬರಾದರೂ ದಾರಿಯನ್ನು ಬಿಟ್ಟು ವ್ಯಾನು ಹತ್ತಿದರೆ ಆ ದಾರಿ ಬಿದ್ದುಹೋದಂತೆ. ಎಲ್ಲರೂ ಸೈಕಲ್ ಮೇಲೆಯೇ ಮುಗಿಸಿದರೆ ಕಂಪನಿಯ ಫ್ರಾನ್ಸಿನ ದಾರಿಗಳನ್ನೆಲ್ಲ ಮುಂದೆ ಷಹನಾಜ್ ಅವರೇ ರೂಪಿಸುತ್ತಾರೆ, ಸಂಬಳದ ಮೇಲೆ. ಶಾಂಬರ್ಗ್‌ನ ಕಚೇರಿಯೊಂದು ಅವರಿಗೆ ಹಳೆಯ ಬಗೆಯ ಕೆಲಸವನ್ನೇ ಕೊಡಲು ಸಿದ್ಧವಿತ್ತು. ಜೂನ್ ಮುಗಿಯುವುದರೊಳಗೆ ಉತ್ತರ ಕೊಡಬೇಕಿತ್ತು. "ಮತ್ತೆ ಆ ಕ್ಯೂಬಿಕಲ್‌ನಲ್ಲಿ ಕೂತ್ರೆ ನಾನು ಏಳಲ್ಲ," ಎಂದು ಅವರು ಒಮ್ಮೆ ನನ್ನೆದುರು ಹೇಳಿದ್ದರು. ಆ ಮಾತನ್ನು ಅವರು ನಗುತ್ತ ಹೇಳಿರಲಿಲ್ಲ.

ಮೂರನೆಯ ಸವಾರರಾಗಿ ಬಂದವರು ಫಾರ್ಮಿಂಗ್ಟನ್ ಹಿಲ್ಸ್‌ನ ಮಕ್ಕಳ ಡಾಕ್ಟರು ಪ್ರಭಾವತಿ. ಗದಗಿನವರು, ಐವತ್ತರ ಗಡಿಯಲ್ಲಿದ್ದರು. ಹಾಲಿನ ಅಂಗಡಿಗೂ ಕಾರಿನಲ್ಲೇ ಹೋಗಬೇಕಾದ ಊರಿನಲ್ಲಿ ಬದುಕಿ ಬೇಸತ್ತು, ವಸಂತದುದ್ದಕ್ಕೂ ಶನಿವಾರಗಳಂದು ಮಿಷಿಗನ್ನಿನಿಂದ ಐದು ತಾಸು ಡ್ರೈವ್ ಮಾಡಿಕೊಂಡು ಬಂದು ನಮ್ಮೊಂದಿಗೆ ಪ್ರೇರಿ ಪಾತ್ ತುಳಿದರು. ನಾಲ್ಕನೆಯವನು ನಾನು. ವ್ಯಾನು ಓಡಿಸಲು ಷಹನಾಜ್ ಅವರ ಪತಿ ಜಬ್ಬಾರ್ ಒಪ್ಪಿಕೊಂಡರು.

"ನನ್ನ ಕೆಲಸ ಸುಲಭ," ಎಂದು ಜಬ್ಬಾರ್ ವಿಮಾನದಲ್ಲಿ ನನ್ನ ಕಿವಿಯಲ್ಲಿ ಹೇಳಿದರು. "ಯಾರೂ ನನ್ನ ಗಾಡಿ ಹತ್ತಬಾರ್ದು ಅಂತ ದುವಾ ಮಾಡೋದು. ಲೋಕದಲ್ಲಿ ಇಂಥ ಡ್ರೈವರ್ ನಾನೊಬ್ನೇ ಇರಬೇಕು ಸತ್ಯ ಭಾಯ್."

*

ಮೊದಲ ಎರಡು ದಿನಗಳ ಬಗ್ಗೆ ಎಷ್ಟು ಬರೆದರೂ ನನಗೆ ತೃಪ್ತಿಯಿಲ್ಲ. ನಾನು ಹಲವು ದೇಶಗಳ ರಸ್ತೆಗಳ ಮೇಲೆ ಅಲೆದಿದ್ದೇನೆ. ಆದರೆ ಒಂದು ದಾರಿಯನ್ನು ಯಾರೋ ನನಗಾಗಿ ಯೋಚಿಸಿಟ್ಟಿದ್ದಾರೆ ಎಂದು ಅನ್ನಿಸಿದ್ದು ಅದೇ ಮೊದಲು. ಬೆಳಗಿನ ಏರು ಮರಗಳ ನೆರಳಿನಲ್ಲಿ ಬರುತ್ತಿತ್ತು. ಮಧ್ಯಾಹ್ನದ ಇಳಿಜಾರು ಗಾಳಿಗೆ ಬೆನ್ನು ಕೊಟ್ಟಿರುತ್ತಿತ್ತು. ಬಿಳಿ ಗರಸು ಹಾಸಿದ ದಾರಿಗಳ ನಡುವೆ ಹುಲ್ಲಿನ ಪಟ್ಟಿ, ಎರಡೂ ಕಡೆ ಎದೆಯೆತ್ತರದ ಬೇಲಿ, ಬೇಲಿಯಾಚೆ ಕೆನೆಬಣ್ಣದ ದನಗಳು. ನಾವು ಹಾದುಹೋಗುವಾಗ ಅವು ಮೇಯುವುದನ್ನು ನಿಲ್ಲಿಸಿ, ಮದುವೆಮನೆಯ ಹೆಂಗಸರು ಹೊಸ ಬೀಗರನ್ನು ನೋಡುವಂತೆ ನಮ್ಮನ್ನು ಕಾಲಿನಿಂದ ತಲೆಯವರೆಗೆ ನೋಡುತ್ತಿದ್ದವು. ಕಾಡಿನ ನಡುವೆ ದಾರಿ ಕೆಂಪು ಮಣ್ಣಾಗುತ್ತಿತ್ತು. ಕಾಲುವೆಯ ದಂಡೆಗೆ ಇಳಿದಾಗ ಮತ್ತೆ ನುಣ್ಣನೆಯ ಬಿಳಿ. ಒಂದು ತಿರುವಿನಲ್ಲಿ ಎದುರು ಬಂದ ಟ್ರಾಕ್ಟರಿನ ಮುದುಕ ಗಾಡಿಯನ್ನು ಹೊಲಕ್ಕಿಳಿಸಿ ದಾರಿ ಬಿಟ್ಟು, ಟೊಪ್ಪಿಗೆ ತೆಗೆದ.

ಷಹನಾಜ್ ಮುಂದೆ ಹೋಗುತ್ತಿದ್ದರು. ಉದ್ದ ತೋಳಿನ ಕುರ್ತಾ, ಸಡಿಲವಾದ ಪ್ಯಾಂಟಿನ ಪಾದದ ಬಳಿ ಬಟ್ಟೆಯ ಪಟ್ಟಿ, ತಲೆವಸ್ತ್ರದ ಮೇಲೆ ಹೆಲ್ಮೆಟ್. ನಕ್ಷೆಯನ್ನು ಹ್ಯಾಂಡಲಿಗೆ ಕಟ್ಟಿದ್ದರೂ ಅವರು ಅದನ್ನು ನೋಡುತ್ತಿರಲಿಲ್ಲ. "ಆ ಓಕ್ ಮರ ಆದ್ಮೇಲೆ ಬಲಕ್ಕೆ," ಎನ್ನುವರು. ಓಕ್ ಮರ ಬರುತ್ತಿತ್ತು. ಮನೋಹರ್ ತಪ್ಪು ಹುಡುಕಲೆಂದೇ ಬಂದವರು. ಎರಡನೆಯ ದಿನದ ಸಂಜೆಗೆ ಅವರ ಬಳಿ ಇದ್ದ ದೂರು ಒಂದೇ: "ನಿಮ್ಮ ದನಗಳು ತುಂಬ ದುರುಗುಟ್ಟಿ ನೋಡ್ತವೆ ಕಣ್ರೀ."

ಮೂರನೆಯ ದಿನ ಸೋಮವಾರ. ಅದು ಗುಡ್ಡದ ದಿನ. ಎತ್ತರದ ಬಯಲೊಂದರ ನೆತ್ತಿಯ ಮೇಲೆ ಮೈಲಿಗಟ್ಟಲೆ ಸಾಗುವ ಗರಸಿನ ದಾರಿ, ಎರಡೂ ಬದಿಗೆ ಕಣಿವೆ. ಷಹನಾಜ್ ತಿಂಗಳುಗಟ್ಟಲೆ ಮೇಜಿನ ಮೇಲೆ ಬೆರಳಾಡಿಸಿದ್ದ ಗೆರೆ ಅದೇ. ಆ ಮೇಲ್ನಾಡಿನ ಹಳ್ಳಿಗಳಲ್ಲಿ ಅಂಗಡಿಗಳೆಲ್ಲ ಮುಚ್ಚಿ ವರ್ಷಗಳಾಗಿದ್ದವು. ಬೀದಿಯ ಕಾರಂಜಿಗಳ ಮೇಲೆ ಕುಡಿಯಲು ಯೋಗ್ಯವಲ್ಲ ಎಂಬ ಫಲಕ. ಆ ಬೇಸಗೆಯ ಬಿಸಿಲು ಬೆಳಿಗ್ಗೆ ಹತ್ತಕ್ಕೇ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ನಮ್ಮ ಬಾಟಲಿಗಳು ಬರಿದಾದವು. ನಕ್ಷೆಯ ಮೇಲೆ ನೀರಿನ ಗುರುತಿದ್ದ ಜಾಗಕ್ಕೆ ಷಹನಾಜ್ ನಮ್ಮನ್ನು ಕರೆತಂದು ನಿಲ್ಲಿಸಿದರು. ಕಲ್ಲಿನ ಗೋಡೆ, ಕಬ್ಬಿಣದ ಗೇಟು, ಒಳಗೆ ಶಿಲುಬೆಗಳ ಸಾಲು. ಗೇಟಿನ ಪಕ್ಕದಲ್ಲೇ ಹಿತ್ತಾಳೆಯ ನಲ್ಲಿ, ಹೂವಿಗೆ ನೀರು ಹಾಕುವ ಹಸಿರು ಝಾರಿಗಳು. ಆ ನಾಡಿನಲ್ಲಿ ಊರಿಗೊಂದು ಸ್ಮಶಾನ, ಸ್ಮಶಾನಕ್ಕೊಂದು ಒಳ್ಳೆಯ ನೀರಿನ ನಲ್ಲಿ. ಸೈಕಲ್ ಸವಾರರೆಲ್ಲ ಅಲ್ಲೇ ಬಾಟಲಿ ತುಂಬಿಕೊಳ್ಳುತ್ತಾರೆ ಎಂದು ಸೈಕಲ್ ಸಂಘದ ಮೇಷ್ಟ್ರು ಬರೆದಿದ್ದರಂತೆ.

ಷಹನಾಜ್ ಗೇಟಿನ ಬಳಿ ನಿಂತು, ಹೆಲ್ಮೆಟ್ ತೆಗೆದು, ಮೆಲುದನಿಯಲ್ಲಿ ಸಲಾಮ್ ಹೇಳಿದರು.

"ಯಾರಿಗ್ರೀ ಸಲಾಮು?" ಎಂದರು ಮನೋಹರ್. "ಎಲ್ಲರೂ ಮಲ್ಗಿದಾರೆ."

"ಅವ್ರ ಮನೆ ನೀರಲ್ವಾ ಮನೋಹರಣ್ಣ. ಕೇಳ್ದೆ ಹೇಗೆ ತಗೊಳ್ಲಿ?"

ಮನೋಹರ್ ತಲೆಯನ್ನೇ ನಲ್ಲಿಯ ಕೆಳಗಿಟ್ಟರು. ನಾನು ಹೊಟ್ಟೆ ತುಂಬ ಕುಡಿದೆ. ನೀರು ತಣ್ಣಗೆ, ಸಿಹಿಯಾಗಿತ್ತು. ತಿರುಗಿ ನೋಡಿದರೆ ಪ್ರಭಾವತಿ ಗೇಟಿನ ಹೊರಗೇ ನಿಂತಿದ್ದರು.

"ಇದು ಸುಡಗಾಡಲ್ಲೇನು ಷಹನಾಜ್?"

"ಹೌದಕ್ಕಾ. ಆದ್ರೆ ಊರಿನ ನೀರೇ ಇದು, ಪೈಪಲ್ಲಿ ಬರೋದು."

"ನಾ ಒಳಗ ಬರಂಗಿಲ್ಲ ಬಿಡವಾ."

ಷಹನಾಜ್ ಬಾಟಲಿ ತುಂಬಿ ಹೊರಗೆ ತಂದುಕೊಟ್ಟರು. ಪ್ರಭಾವತಿ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಹಾಗೆಯೇ ನಿಂತರು. ಅನಂತರ ಬೇಲಿಯ ಕಡೆ ತಿರುಗಿ ಉಗುಳಿದರು.

"ಏನ್ ಡಾಕ್ಟ್ರೇ, ನೀವೇ ಹಿಂಗಂದ್ರೆ ಹೆಂಗೆ?" ಎಂದು ಮನೋಹರ್ ಛೇಡಿಸಿದರು.

"ನೀರು ಚೊಲೋ ಐತಿ ಅಂತ ನಂಗೂ ಗೊತ್ತೈತ್ರಿ. ನಾ ಎಂ.ಡಿ. ಮಾಡೀನಿ. ನನ್ನ ಗಂಟಲಾ ಎಂ.ಡಿ. ಮಾಡಿಲ್ಲ." ಅವರು ನಗಲು ಯತ್ನಿಸಿದರು. ತುಟಿ ಒಡೆದಿತ್ತು. "ನಮ್ಮಪ್ಪನ್ನ ಮಣ್ಣು ಮಾಡಿ ಬಂದ ದಿನ ಹಿತ್ತಲದಾಗ ನಿಂದರಿಸಿ, ತಲಿ ಮ್ಯಾಲೆ ಕೊಡ ಸುರುವಿ, ಆಮ್ಯಾಲೆ ಒಳಗ ಬಿಟ್ರು. ಅಲ್ಲಿಂದ ಒಂದು ಕಡ್ಡಿ ಸೈತ ಮನಿಗೆ ತರಂಗಿಲ್ಲ. ಅಂಥಾದ್ರಾಗ ನೀರು ಕುಡಿ ಅಂದ್ರ..."

ಅವರು ಗೋಡೆಯ ನೆರಳಿನಲ್ಲಿ ಕುಳಿತರು. ಮುಖ ಕೆಂಪೇರಿತ್ತು, ಬೆವರು ನಿಂತಿತ್ತು. ಅದು ಒಳ್ಳೆಯ ಲಕ್ಷಣವಲ್ಲವೆಂಬುದು ನಮ್ಮೆಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಮನೋಹರ್ ನಗುವುದನ್ನು ಬಿಟ್ಟರು. ಜೇಬಿನಿಂದ ಫೋನ್ ತೆಗೆದರು.

"ಸಾಕು. ಜಬ್ಬಾರ್‌ನ ಕರೀತೀನಿ. ಇದು ಆಟ ಅಲ್ಲ."

ಷಹನಾಜ್ ನಕ್ಷೆಯನ್ನು ಹ್ಯಾಂಡಲಿನಿಂದ ಬಿಚ್ಚಿ ಗೋಡೆಯ ಮೇಲೆ ಹರಡಿ, ಅದರ ಮೇಲೆ ಎರಡೂ ಕೈಯೂರಿ ನಿಂತಿದ್ದರು.

"ನಾಯಿ ಇದಾವಾ ಅಂತ ನೋಡಿದ್ದೆ, ನೆರಳು ನೋಡಿದ್ದೆ, ಇಲ್ಲಿ ಅಂಗಡಿ ಇರಲ್ಲ ಅಂತ್ಲೂ ನೋಡಿದ್ದೆ," ಎಂದರು ತಮಗೇ ಹೇಳಿಕೊಳ್ಳುವಂತೆ. "ಇದು ತಲೇಗೇ ಬರ್ಲಿಲ್ಲ. ನಮ್ಮನೆ ಹತ್ರ ಖಬರಸ್ತಾನದ ನಲ್ಲೀಲಿ ನಾವು ಸ್ಕೂಲಿಂದ ಬರ್ತಾ ದಿನಾ ಕುಡೀತಿದ್ವಿ. ಕುಡಿಯದೇ ಇರೋರು ಇರ್ತಾರೆ ಅಂತ ನಾನು ಯೋಚ್ನೇನೇ ಮಾಡ್ಲಿಲ್ಲ."

ಆಮೇಲೆ ಅವರ ಬೆರಳು ಗುಡ್ಡದ ಗೆರೆಯನ್ನು ಬಿಟ್ಟು ಪಕ್ಕಕ್ಕೆ ಸರಿಯಿತು. "ಮನೋಹರಣ್ಣ, ಫೋನ್ ಕೈಯಲ್ಲೇ ಇರ್ಲಿ. ಇಲ್ಲಿಂದ ಕೆಳಗೆ ಒಂದು ಒಂಟಿ ಮನೆ ಇದೆ. ಪೂರಾ ಇಳಿಜಾರು, ಅಕ್ಕ ಪೆಡಲ್ ತುಳಿಯೋದೇ ಬೇಡ. ಅಲ್ಲಿ ನೀರು ಸಿಗದಿದ್ರೆ ಜಬ್ಬಾರ್‌ಗೆ ನಾನೇ ಫೋನ್ ಮಾಡ್ತೀನಿ."

"ಗುಡ್ಡ?"

"ಬಿಟ್ಟೆ."

ಆ ಒಂದು ಪದವನ್ನು ಅವರು ಹೇಳಿದ ರೀತಿ ನನಗೆ ಇನ್ನೂ ಕೇಳಿಸುತ್ತದೆ. ಆರು ತಿಂಗಳ ಪ್ರೀತಿಯನ್ನು, ಕೈಗೆ ಬಂದಿದ್ದ ಕೆಲಸವನ್ನು ಗೋಡೆಯ ಮೇಲಿಟ್ಟು ಹೊರಡುವವರ ದನಿಯಲ್ಲಿ ಅಳುಕಿರಬೇಕಿತ್ತು. ಇರಲಿಲ್ಲ. ನಲ್ಲಿಯ ನೀರಿನಲ್ಲಿ ತಮ್ಮ ಇನ್ನೊಂದು ತಲೆವಸ್ತ್ರ ನೆನೆಸಿ ತಂದು, "ಕುಡಿಯೋದು ಬೇಡಕ್ಕಾ, ಕುತ್ತಿಗೆಗೆ ಹಾಕ್ಲಾ?" ಎಂದು ಕೇಳಿದರು. ಪ್ರಭಾವತಿ ಒಂದು ಕ್ಷಣ ಯೋಚಿಸಿ ತಲೆಯಾಡಿಸಿದರು. "ಹಾಕು. ಹೆಂಗೂ ಜಳಕಾ ಮಾಡಬೇಕು."

ಆ ಇಳಿಜಾರು ಗರಸಲ್ಲ, ಉರುಳುಗಲ್ಲು. ಷಹನಾಜ್ ಪ್ರಭಾವತಿಯವರ ಪಕ್ಕದಲ್ಲೇ ಇಳಿದರು. ಪ್ರತಿ ಬಾರಿ ಚಕ್ರ ಜಾರುವ ಮುಂಚೆಯೇ "ಎಡಕ್ಕೆ ಅಕ್ಕಾ, ಬ್ರೇಕ್ ಬಿಟ್ಬಿಟ್ಟು ಹಿಡೀರಿ," ಎನ್ನುತ್ತಿದ್ದರು. ಕೆಳಗೆ ದನದ ಕೊಟ್ಟಿಗೆ, ಕೆಂಪು ಹೆಂಚಿನ ಮನೆ. ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬಳು ಅಂಗಳ ತೊಳೆಯುತ್ತಿದ್ದಳು. ಷಹನಾಜ್ ಅವರ ಫ್ರೆಂಚ್ ಕೇಳಿ ಆಕೆಗೆ ಏನೂ ತಿಳಿಯಲಿಲ್ಲ. ಪ್ರಭಾವತಿಯವರ ಮುಖ ನೋಡಿ ಎಲ್ಲವೂ ತಿಳಿಯಿತು. ಕುರ್ಚಿ ಬಂತು. ಗೋಡೆಯ ನಲ್ಲಿಯಿಂದ ದೊಡ್ಡ ಗಾಜಿನ ಹೂಜಿ ತುಂಬಿ ಬಂತು. ಜೊತೆಗೆ ಉಪ್ಪು, ಸಕ್ಕರೆ ಕೇಳಿ ಪಡೆದು ಪ್ರಭಾವತಿ ತಮಗೆ ತಾವೇ ಡಾಕ್ಟರಾದರು.

ಮನೋಹರ್ ನಲ್ಲಿಯ ಕೆಳಗಿನ ಕಬ್ಬಿಣದ ಮುಚ್ಚಳವನ್ನು ನೋಡುತ್ತಿದ್ದರು. ಅದರ ಮೇಲಿನ ಅಚ್ಚು ಸ್ಮಶಾನದ ನಲ್ಲಿಯ ಮುಚ್ಚಳದ ಮೇಲಿದ್ದದ್ದೇ; ಎರಡೂ ಕಡೆ ಒಂದೇ ಪೈಪಿನ ನೀರು. ಅವರ ಬಾಯಿ ತೆರೆಯಿತು. ಷಹನಾಜ್ ಮನೋಹರರ ಶೂ ಮೇಲೆ ತಮ್ಮ ಶೂ ಇಟ್ಟು ಒತ್ತಿ ತಡೆದರು.

"ನಾ ನೋಡೀನ್ರಿ ಮನೋಹರ್ ಅವರ," ಎಂದರು ಪ್ರಭಾವತಿ ಲೋಟದಿಂದ ಬಾಯಿ ತೆಗೆಯದೆಯೇ. "ಸುಮ್ಮನ ಕುಡೀಲಿಕ್ಕೆ ಬಿಡ್ರಿ."

*

ಅಪರಾಹ್ನವೆಲ್ಲ ನೆರಳಿನಲ್ಲಿ ಕಳೆದು, ಬಿಸಿಲು ತಗ್ಗಿದ ಮೇಲೆ ಕಣಿವೆಯ ಕಾಲುವೆಯ ದಂಡೆ ಹಿಡಿದು ನಾವು ತಂಗುವ ಊರು ಸೇರಿದೆವು. ಯಾರೂ ವ್ಯಾನು ಹತ್ತಲಿಲ್ಲ. ಜೂನ್ ತಿಂಗಳ ಆ ದೀರ್ಘ ಸಂಜೆಯಲ್ಲಿ ಜಬ್ಬಾರ್ ವಸತಿಗೃಹದ ಅಂಗಳದಲ್ಲೇ ಖಿಚಡಿ ಬೇಯಿಸಿ ಕಾಯುತ್ತಿದ್ದರು. ಊಟ ಮುಗಿದ ಮೇಲೆ ಷರತ್ತಿನ ವಿಷಯ ಎತ್ತಿದವರು ಮನೋಹರ್.

"ವ್ಯಾನ್ ಹತ್ಲಿಲ್ಲ, ಒಪ್ಕೊಂಡೆ. ಆದ್ರೆ ದಾರಿ ಬಿಟ್ವಲ್ಲ. ಷರತ್ತು ಅರ್ಧ ಗೆದ್ದಿರಿ, ಅರ್ಧ ಸೋತಿರಿ. ಈಗ ನಾನೇನು ಮಾರ್ಲಿ?"

"ಇವತ್ತು ಬಂದ ದಾರೀನೇ ಮಾರಿ. ಗುಡ್ಡ ತೆಗೀತೀನಿ."

"ಗುಡ್ಡ ಇಲ್ದೆ ಯಾರ್ರೀ ಕೊಂಡ್ಕೋತಾರೆ? ನೂರಕ್ಕೆ ತೊಂಬತ್ತೊಂಬತ್ತು ಜನ ಆ ನೀರು ಕಣ್ಮುಚ್ಚಿ ಕುಡೀತಾರೆ. ಗುಡ್ಡ ಇರ್ಲಿ, ಕೆಲಸ ನಿಮ್ದು. ಇಷ್ಟೇ ನನ್ನ ಮಾತು."

ಷಹನಾಜ್ ತಟ್ಟೆಯನ್ನು ಪಕ್ಕಕ್ಕಿಟ್ಟರು. "ನನ್ನ ದಾರಿ ನಂಬಿ ಮೊದ್ಲು ಬಂದೋರು ಅಕ್ಕ. ಅವ್ರು ಗೋಡೆ ಹೊರಗೆ ಬಾಯಾರಿ ಕೂರೋ ದಾರೀನ ಹೇಗೆ ನಂದು ಅನ್ಲಿ? ಬೇಡ ಬಿಡಿ. ಶಾಂಬರ್ಗ್‌ಗೆ ಹೋಗ್ತೀನಿ."

ಜಬ್ಬಾರ್ ಸೌಟು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಹೆಂಡತಿಯನ್ನು ನೋಡಿದರು. ಪ್ರಭಾವತಿ ಸಿಟ್ಟಿನಿಂದ ಮಾತಾಡಿದರು.

"ಏ ಹುಡುಗಿ, ನನ್ನ ಗಂಟಲದ ಸಲುವಾಗಿ ಊರ ಮಂದಿಗೆಲ್ಲ ಗುಡ್ಡ ತಪ್ಪಸ್ತಿಯೇನು? ನನಗ ಬ್ಯಾನಿ ಆಗಿದ್ದು ನೀರಿನಿಂದಲ್ಲ. ಗೊತ್ತಿರಲಿಲ್ಲ, ಅದಕ್ಕ. ಮೊದಲಽ ಹೇಳಿದ್ರ ನಾ ಎರಡು ಬಾಟ್ಲಿ ಹೆಚ್ಚಿಗಿ ಹೊತ್ಕೊಂಡು ಬರ್ತಿದ್ದೆ. ಇಷ್ಟಽ ಅದ. ಬರೋರಿಗೆ ಬಾಯಿಬಿಟ್ಟು ಹೇಳು: ಇಲ್ಲಿಂದ ಮುಂದ ನೀರು ಇರೋದು ಸುಡಗಾಡದಾಗ, ಬ್ಯಾಡಾದವರು ಇಲ್ಲೇ ತುಂಬಿಕೊಳ್ರಿ ಅಂತ." ಆಮೇಲೆ ಮನೋಹರರತ್ತ ತಿರುಗಿದರು. "ನಾಳೆ ಏನೈತ್ರಿ?"

"ನಾಳೆ ವೈನ್ ಇಡೋ ನೆಲಮಾಳಿಗೆ, ಆ ಸೆಲ್ಲರ್ ನೋಡೋದು. ನಾಡಿದ್ದು ವಿಮಾನ."

"ಸೆಲ್ಲರ್ ಬ್ಯಾಡ. ನಾಳೆ ಗುಡ್ಡ ಹತ್ತೂಣು. ಬೆಳಗ್ಗಿಂದನ, ಪೂರ್ತಿ."

"ಡಾಕ್ಟ್ರೇ, ಮೂರು ವರ್ಷದಿಂದ ಆ ಸೆಲ್ಲರ್ ಕನಸು ಕಾಣ್ತಿದೀನಿ!"

"ಕನಸಽ ಚೊಲೋ ಇರ್ತದ ಬಿಡ್ರಿ," ಎಂದರು ಪ್ರಭಾವತಿ.

*

ಮರುದಿನ ಜಬ್ಬಾರ್ ನಮ್ಮನ್ನೂ ಸೈಕಲ್ಲುಗಳನ್ನೂ ಹಿಂದಿನ ದಿನ ಹೊರಟಿದ್ದ ಊರಿಗೆ ವ್ಯಾನಿನಲ್ಲಿ ಒಯ್ದು ಇಳಿಸಿದರು. ದಾರಿಯ ಆರಂಭಕ್ಕೆ ವ್ಯಾನು ಹತ್ತುವುದು ಷರತ್ತಿಗೆ ವಿರುದ್ಧವಲ್ಲವೆಂದು ಮನೋಹರ್ ತಾವೇ ತೀರ್ಪು ಕೊಟ್ಟುಕೊಂಡರು. ಪ್ರಭಾವತಿ ಸೈಕಲ್ಲಿನ ಮೈತುಂಬ ಬಾಟಲಿ ಕಟ್ಟಿದ್ದರು. ಏರಿನುದ್ದಕ್ಕೂ ಅವು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು. ಅವರ ಉಸಿರು ಸೀಟಿಯಂತೆ ಕೇಳುತ್ತಿತ್ತು. ಆದರೂ ಇಳಿಯಲಿಲ್ಲ.

ಸ್ಮಶಾನದ ಗೇಟಿನ ಬಳಿ ಅವರು ಗೋಡೆಯ ಹೊರಗೆ ಮೈಲಿಗಲ್ಲಿನ ಮೇಲೆ ಕುಳಿತು ತಮ್ಮ ನೀರು ಕುಡಿದರು. ಷಹನಾಜ್ ಹೆಲ್ಮೆಟ್ ತೆಗೆದು ಗೇಟು ತಳ್ಳುವಾಗ ಕೂಗಿ ಹೇಳಿದರು: "ನಂದೂ ಒಂದು ಸಲಾಮ್ ಹೇಳವಾ."

ಅಲ್ಲಿಂದ ಮುಂದೆ ಗುಡ್ಡದ ನೆತ್ತಿ. ನನಗೆ ಅದನ್ನು ಬಣ್ಣಿಸುವ ಶಕ್ತಿಯಿದೆಯೋ ಇಲ್ಲವೋ ತಿಳಿಯದು. ಸುಣ್ಣದಷ್ಟು ಬಿಳಿಯ ದಾರಿ ಗೋಧಿಯ ನಡುವೆ, ಒಣಗಿ ಸದ್ದು ಮಾಡುವ ಗೋಧಿಯ ನಡುವೆ, ಆಕಾಶಕ್ಕೆ ಒರಗಿದಂತೆ ಹೋಗುತ್ತಿತ್ತು. ಎಡಕ್ಕೆ ಕಣಿವೆ, ಕಣಿವೆಯ ತಳದಲ್ಲಿ ಕಾಲುವೆಯ ಹೊಳಪು. ಬಲಕ್ಕೆ ಕಾಡು ಮಡಿಕೆ ಮಡಿಕೆಯಾಗಿ ನೀಲಿಯಾಗುತ್ತ ಹೋಗಿತ್ತು. ಒಂದು ಕಾರಿಲ್ಲ, ಒಂದು ಕಂಬವಿಲ್ಲ. ನಾಲ್ಕು ಜೊತೆ ಚಕ್ರಗಳ ಕೆಳಗೆ ಗರಸು ಏಕಸಮನಾಗಿ ಮಾತಾಡುತ್ತಿತ್ತು. ಕಾಗದದ ಮೇಲಿನ ಕೂದಲೆಳೆಯಂಥ ಗೆರೆಯಲ್ಲಿ ಇದೆಲ್ಲ ಇದೆಯೆಂದು ಹರಿಹರದ ಈ ಹೆಣ್ಣುಮಗಳು ಲಿಸ್ಲ್‌ನ ನೆಲಮಾಳಿಗೆಯಲ್ಲಿ ಕುಳಿತು ಹೇಗೆ ಓದಿದರು ಎಂದು ನಾನು ಬೆರಗಾದೆ. ನಾನು ಕಾಲಿನಿಂದ ಮಾತ್ರ ಲೋಕವನ್ನು ಅರಿತವನು.

ಅತಿ ಎತ್ತರದ ಜಾಗದಲ್ಲಿ ಮನೋಹರ್ ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಮುಖ ಒರೆಸಿಕೊಂಡರು.

"ಶಾಂಬರ್ಗ್‌ನೋರಿಗೆ ಏನಂತೀರಿ?"

"ನೀವು ಹೇಳಿ," ಎಂದರು ಷಹನಾಜ್.

"ಬರಲ್ಲ ಅಂತ ಹೇಳಿ. ಆದ್ರೆ ಆ ನೀರಿನ ವಿಷಯ ಮೊದಲ್ನೇ ಪುಟದಲ್ಲೇ ಇರ್ಬೇಕು, ದಪ್ಪ ಅಕ್ಷರದಲ್ಲಿ. ಆಮೇಲೆ ಯಾರಾದ್ರೂ ನನ್ಮೇಲೆ ಕೇಸ್ ಹಾಕಿದ್ರೆ ಡಾಕ್ಟ್ರನ್ನ ತೋರಿಸ್ತೀನಿ."

"ತೋರಸ್ರಿ," ಎಂದರು ಪ್ರಭಾವತಿ. "ಫೀಸ್ ತಗೋತೀನಿ."

ಷಹನಾಜ್ ನಕ್ಕರು. ಮುಖವನ್ನು ಆಚೆ ತಿರುಗಿಸಿ, ತಲೆವಸ್ತ್ರದ ತುದಿಯಿಂದ ಕಣ್ಣೊತ್ತಿಕೊಂಡದ್ದನ್ನು ನಾನು ಮಾತ್ರ ಕಂಡೆ. ತಿರುಗಿದಾಗ ಅವರ ದೃಷ್ಟಿ ದಾರಿಯ ಬದಿಯಲ್ಲಿ, ಗೋಧಿಯ ಅಂಚಿನಿಂದ ಕಾಡಿನೊಳಕ್ಕೆ ಇಳಿಯುತ್ತಿದ್ದ ಒಂದು ಸಣ್ಣ ಜಾಡಿನ ಮೇಲೆ ನಿಂತಿತ್ತು. ಅವರು ನಕ್ಷೆಯ ಮೇಲೆ ಬಾಗಿದರು, ಮತ್ತೆ ಜಾಡನ್ನು ನೋಡಿದರು, ಮತ್ತೆ ನಕ್ಷೆಯನ್ನು.

"ಇದು ಇದರಲ್ಲಿ ಇಲ್ಲ," ಎಂದರು.

ಮನೋಹರ್ ಗಡಿಯಾರ ನೋಡಿ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಷಹನಾಜ್ ಅವರ ಮುಂದಿನ ಚಕ್ರ ಆ ಜಾಡಿನ ಹುಲ್ಲಿಗೆ ಇಳಿದಾಗಿತ್ತು.